ಬೀಗರನ್ನು ಗೆಲಾಕ್ಸಿ ಮಾಡಿದ ಕಾಕಾ

ನನ್ನ ಮದುವೆಗೆ ಅಡ್ಡ ಬಂದದ್ದು ವರದಕ್ಷಿಣೆಯಲ್ಲ, ಜಾತಕವೂ ಅಲ್ಲ. ಆಕಾಶದ ಯಾವುದೋ ಮೂಲೆಯ ಒಂದು ಮಸುಕು ಗೆಲಾಕ್ಸಿ! ಅದನ್ನು ಬೆಟಗೇರಿಯ ನಮ್ಮ ಅಂಗಳಕ್ಕೆ ಎಳೆದು ತಂದವನು ನಮ್ಮ ಕಾಕಾ. ಶಿರಹಟ್ಟಿಯಲ್ಲಿ ವಿಜ್ಞಾನದ ಮಾಸ್ತರ.

ಎಂಬತ್ತರ ದಶಕದ ಮಾತು. ಮಸುಕು ಗೆಲಾಕ್ಸಿಗಳಲ್ಲಿ ನಕ್ಷತ್ರ ಕಡಿಮೆ, ಕಣ್ಣಿಗೆ ಕಾಣದ ಕಪ್ಪು ದ್ರವ್ಯವೇ ಹೆಚ್ಚು ಎಂದು ಎಲ್ಲೋ ಓದಿದ್ದ. ಓದಿ ಸುಮ್ಮನಿರಬಾರದೇ? ಊಟಕ್ಕೆ ಕೂತರೆ ಶೇಂಗಾ ಹೋಳಿಗೆ ಎತ್ತಿ ಹಿಡಿದು, "ವೈನಿ, ಹೂರಣ ನಡುವ ಗುಡ್ಡಿ ಬಿದ್ದೈತೋ, ಅಂಚಿನ ತನಕಾ ಹರಡೈತೋ?" ಎನ್ನುತ್ತಿದ್ದ.

"ತಿಂದ್ರ ಗೊತ್ತಾಗತೈತಿ, ತಿನ್ರಿ ಸುಮ್ನ!" ಅವ್ವ ಗದರುತ್ತಿದ್ದಳು.

"ಗೆಲಾಕ್ಸಿ ತಿನ್ನಾಕ ಬರಂಗಿಲ್ಲಲ್ಲ ವೈನಿ!"

ಇಂಥವನನ್ನು ಹೆಣ್ಣು ನೋಡುವ ದಿನ ಕರೆದದ್ದೇ ತಪ್ಪು. ಹುಲಕೋಟಿಯಿಂದ ಬಂದ ಹುಡುಗನನ್ನು ನಾನು ಕಿಟಕಿಯಿಂದ ನೋಡಿ ಒಪ್ಪಿಯೂ ಆಗಿತ್ತು. ಹುಡುಗನ ಅಪ್ಪ ಮರ್ಯಾದೆಗೆ, "ಮಾಸ್ತರ, ಏನ್ ಕಲಸ್ತೀರಿ?" ಎಂದರು. ಮುಗಿಯಿತು! ನಾನು ಉಪ್ಪಿಟ್ಟಿನ ತಾಟು ಹಿಡಿದು ಹೊರಗೆ ಬರುವಷ್ಟರಲ್ಲಿ ಬೀಗರೆಲ್ಲ ಅಂಗಳದಲ್ಲಿ ನೀರಿನ ಹಂಡೆಯ ಸುತ್ತ ತಿರುಗುತ್ತಿದ್ದರು. ಒಳಸುತ್ತಿನಲ್ಲಿ ನಗು ತಡೆಯಲಾರದ ಹುಡುಗ. ಹೊರಸುತ್ತಿನಲ್ಲಿ ಏದುಸಿರು ಬಿಡುತ್ತಿದ್ದ ಅವರಪ್ಪ.

"ಭಾರ ಎಲ್ಲಾ ನಡುವ ಇದ್ರ ಹೊರಗಿನವ್ರು ಸಾವಕಾಶ ನಡೀಬಹುದಿತ್ರಿ. ಕಾಣದ ಭಾರ ಅಂಚಿಗೂ ಹರಡೈತಿ. ಒಳಗಿನವ್ರಷ್ಟ ಜೋರ್ ನಡೀರಿ!" ಹಂಡೆಯನ್ನು ಗೆಲಾಕ್ಸಿಯ ನಡು, ಬೀಗರನ್ನು ನಕ್ಷತ್ರ ಮಾಡಿ ಕಾಕಾ ಕೂಗುತ್ತಿದ್ದ.

"ಹೆಣ್ಣು ನೋಡಾಕ ಬಂದೀವೋ, ಗಾಣಾ ತಿರಗಾಕ ಬಂದೀವೋ?" ಎಂದವರೇ ಹುಡುಗನ ಅಪ್ಪ ಧೋತರ ಸರಿಮಾಡಿಕೊಂಡು, ಉಪ್ಪಿಟ್ಟು ಮುಟ್ಟದೆ ಹೊರಟುಹೋದರು. ನನಗೆ ಮೈಯೆಲ್ಲ ಉರಿ. "ಇನ್ನ ಆ ಗೆಲಾಕ್ಸಿಗೇ ನನ್ನ ಕೊಟ್ಟು ಬಾ, ಹೋಗು!" ಎಂದು ಕಿರುಚಿದೆ.

ನಾಲ್ಕು ದಿನಕ್ಕೆ ಹುಲಕೋಟಿಯಿಂದ ಒಪ್ಪಿಗೆ ಬಂತು! ಹೇಗೆಂದು ನನಗೆ ಯಾರೂ ಹೇಳಲಿಲ್ಲ. ಮದುವೆಯ ದಿನ ಕಾಕಾನಿಗೆ ಜ್ವರ ಎಂದರು. ಆದರೆ ಹಂದರದಿಂದ ನೋಡಿದರೆ ರಸ್ತೆಯಾಚೆ, ಬೇವಿನ ಗಿಡದ ಕೆಳಗೆ ನಿಂತಿದ್ದಾನೆ! ಆಗ ಗಂಡ ಕಿವಿಯಲ್ಲಿ ಉಸುರಿದ: "ಮರುದಿನಾನ ನಿಮ್ಮ ಕಾಕಾ ಸೈಕಲ್ ತುಳಕೊಂಡು ನಮ್ಮನಿಗೆ ಬಂದಿದ್ರು. 'ಹುಡುಗಿ ಶ್ಯಾಣ್ಯಾಕಿ ಅದಾಳ್ರಿ, ಹುಚ್ಚ ನಾನೊಬ್ಬನ, ಬೇಕಾದ್ರ ಮದವೀಗೂ ನಾ ಬರಂಗಿಲ್ಲ' ಅಂತ ಅಪ್ಪನ ಕಾಲು ಹಿಡಿದ್ರು."

ಎಂಥಾ ಸಿಟ್ಟು ಬಂತೆಂದರೆ, ಬಾಸಿಂಗ ಕಟ್ಟಿಕೊಂಡೇ ರಸ್ತೆ ದಾಟಿದೆ.

"ಏ ಹುಚ್ಚಿ, ಮಾತು ಕೊಟ್ಟೇನಿ..."

"ಕೊಟ್ಟಾಂವ ನೀ, ನಾ ಅಲ್ಲ. ನಡಿ ಒಳಗ!"

ಕೈ ಹಿಡಿದು ಎಳೆದರೆ ಮುಷ್ಟಿ ಬಿಗಿಯಾಗಿತ್ತು. ಬಿಡಿಸಿದೆ. ಬೆಳಗಿನಿಂದ ಹಿಡಿದುಕೊಂಡಿದ್ದ ಅಕ್ಷತೆಯ ಅಕ್ಕಿಕಾಳು ಬೆವರಿಗೆ ಒದ್ದೆಯಾಗಿ ಅಂಗೈಗೆ ಅಂಟಿಕೊಂಡಿದ್ದವು.