ಮಾವನವರ ಕಿವಿ ತಾಲೀಮು

ಎಲ್ಲರಿಗೂ ಕಿವಿ ಹುಟ್ಟುವಾಗಲೇ ಬರುತ್ತವೆ. ನಮ್ಮ ಮಾವನವರಿಗೆ ಮಾತ್ರ ಅರವತ್ತರ ಹತ್ತಿರ, ಹುಬ್ಬಳ್ಳಿಯಿಂದ, ರಟ್ಟಿನ ಡಬ್ಬಿಯಲ್ಲಿ ಬಂದವು! ನಗಬೇಡಿ, ಖರೆ ಹೇಳುತ್ತಿದ್ದೇನೆ. ತಮ್ಮ ಮದುವೆಯ ಹಿಂದಿನ ವರ್ಷವೇ ಜ್ವರ ಬಂದು ಅವರ ಕಿವಿ ಬಹುಪಾಲು ಹೋಗಿದ್ದವು. ಬೆಟಗೇರಿಯ ನಮ್ಮ ಮಗ್ಗದ ಮನೆಗೆ ಅದರಿಂದ ಏನೂ ತೊಂದರೆಯಾಗಿರಲಿಲ್ಲ. ಮಗ್ಗ ನಡೆಯುವಾಗ ಕಿವಿ ಇದ್ದವರಿಗಾದರೂ ಏನು ಕೇಳುತ್ತದೆ? ಆದರೂ ಎಂಬತ್ತರ ದಶಕದ ಮೊದಲಲ್ಲಿ, ನಾನು ಶಿರಹಟ್ಟಿಯಿಂದ ಸೊಸೆಯಾಗಿ ಬಂದ ವರ್ಷವೇ, ಹಟ ಹಿಡಿದು ಕಿವಿಯ ಮಷೀನು ತಂದರು. ಅಂಗಿಯ ಕಿಸೆಯಲ್ಲೊಂದು ಡಬ್ಬಿ, ಅಲ್ಲಿಂದ ಕಿವಿಗೊಂದು ವೈರು.

ಮೊದಲ ದಿನವೇ ಅಡುಗೆಮನೆಗೆ ಓಡಿಬಂದರು. "ಯಾರು ಯಾರನ್ನ ಬಡ್ಯಾಕತ್ತೀರಿ?" ಯಾರೂ ಯಾರನ್ನೂ ಬಡಿಯುತ್ತಿರಲಿಲ್ಲ, ನಾನು ರೊಟ್ಟಿ ಬಡಿಯುತ್ತಿದ್ದೆ. "ಇಷ್ಟ ಸಪ್ಪಳಾ ಮಾಡಿ ಮಾಡೂ ರೊಟ್ಟೀನ ಇಷ್ಟ ವರ್ಷ ಸುಮ್ಮನ ತಿಂದೆನಲ್ಲ!" ಎಂದು ಮರುಗಿ, ಅಲ್ಲೇ ಕುಳಿತು ಕೊನೆಯ ರೊಟ್ಟಿಯ ತನಕ ಕೇಳಿದರು.

ಡಾಕ್ಟರು ಹೇಳಿದ್ದಿಷ್ಟೇ: ಮಷೀನು ಹಾಕಿಕೊಂಡರೆ ಸಾಲದು, ಮನೆಯವರು ಬೆನ್ನ ಹಿಂದೆ ಕುಳಿತು ಮಾತಾಡಬೇಕು, ಇವರು ತುಟಿ ನೋಡದೆ ಗುರುತಿಸಬೇಕು. ಹರೆಯದಲ್ಲಿ ಗರಡಿಮನೆ ಕಂಡಿದ್ದ ಮಾವನವರು ಇದಕ್ಕೆ 'ಕಿವಿ ತಾಲೀಮು' ಎಂದು ಹೆಸರಿಟ್ಟರು. ಸಂಜೆ ಮಗ್ಗ ನಿಂತೊಡನೆ ಗೋಡೆಗೆ ಮುಖ ಮಾಡಿ ಸ್ಟೂಲಿನ ಮೇಲೆ ಕೂಡುವರು. ಹಿಂದೆ ಜಮಖಾನದ ಮೇಲೆ ನಾನು, ನನ್ನ ಗಂಡ, ನಾದಿನಿ, ಅತ್ತೆ. ಕೇಳಿದ್ದನ್ನು ತಪ್ಪು ಹೇಳುವವರು ಅವರು, ಬೈಸಿಕೊಳ್ಳುವವರು ನಾವು! ಇದೆಂಥ ಶಾಲೆ, ನೀವೇ ಹೇಳಿ.

ಅದರಲ್ಲೂ ನನ್ನ ಪಾಡು ಯಾರಿಗೂ ಬೇಡ. "ಮಾವನ ಮುಂದ ದನಿ ಏರಸಬ್ಯಾಡ" ಎಂದು ಅವ್ವ ಹೇಳಿ ಕಳಿಸಿದ್ದಳು. ಸೆರಗು ಹೊದ್ದು ಮೆಲ್ಲಗೆ "ನೀರು" ಎಂದೆ.

"ಯಾಕವಾ, ಮುಂಜಾನಿಂದ ಉಂಡಿಲ್ಲೇನು? ಒದರು!"

ಒದರಿದೆ. ಎಷ್ಟು ಒದರಿದೆನೆಂದರೆ ಪಕ್ಕದ ಮನೆಯಾಕೆ ಓಡಿಬಂದು, "ಅಯ್ಯ ಶಿವನ! ಹೊಸಾ ಸೊಸಿ ಮಾವಗ ಒದರಾಕತ್ತಾಳ!" ಎಂದು ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಮಾವನವರು ಎದೆಯುಬ್ಬಿಸಿ, "ಇದೇನು ಒದರೂದು? ನಾಳೆ ಬಾ, ಇನ್ನೂ ಜೋರ ಒದರತಾಳ ನಮ್ಮ ಸೊಸಿ!" ಅಂದರು. ಇಂದು ನಾನು ನಾಲ್ಕು ಮಂದಿಯ ನಡುವೆ ಬಾಯಿ ತೆರೆದು ಮಾತಾಡುತ್ತೇನೆಂದರೆ ಆ ಪುಣ್ಯ ಅವರದು. ಯಾವ ಸೊಸೆಗೆ ಸಿಕ್ಕೀತು ಇಂಥ ಮಾವ?

ಮುಂಡರಗಿಯ ಬೀಗರು ಬಂದು ಹೊಲದ ಹಳೆಯ ಕಥೆ ತೆಗೆದರೆ ಮಾತ್ರ ಮೆಲ್ಲಗೆ ಕಿಸೆಗೆ ಕೈ ಹಾಕಿ ಮಷೀನು ಬಂದ್ ಮಾಡಿಬಿಡುವರು. ಆಮೇಲೆ ಎಷ್ಟು ಹೊತ್ತು ಬೇಕಾದರೂ ತಲೆದೂಗುವರು. ಕೇಳದಿರುವ ಸುಖವನ್ನೂ ಬಿಟ್ಟುಕೊಡಲಿಲ್ಲ ನೋಡಿ!

ತಾಲೀಮಿನಲ್ಲಿ ನಾವೆಲ್ಲ ಪಾಸಾದೆವು. ಉಳಿದವರು ಅತ್ತೆಯವರೊಬ್ಬರೇ. ಅವರ ಸರದಿ ಬಂದರೆ ಮಾವನವರಿಗೆ ಏನೂ ಕೇಳದು. ಸೆಲ್ಲು ಬದಲಿಸಿದರು, ವೈರು ಎಳೆದರು, ಡಬ್ಬಿ ತಟ್ಟಿದರು. "ಮಷೀನ ಕೆಟ್ಟೈತಿ, ನಾಳೆ ಹುಬ್ಬಳ್ಳಿಗೆ ಹೋಗತೇನಿ" ಎಂದು ಎದ್ದೇಬಿಟ್ಟರು. ನಾನು ತಿರುಗಿ ಅತ್ತೆಯವರನ್ನು ನೋಡಿದೆ. ತುಟಿ ಆಡುತ್ತಿದೆ, ಕೈ ಆಡುತ್ತಿದೆ, ದನಿಯೇ ಇಲ್ಲ! ಇಷ್ಟು ವರ್ಷ ತುಟಿಯಲ್ಲಿ, ಕೈಸನ್ನೆಯಲ್ಲಿ ಸಂಸಾರ ಮಾಡಿದವರಿಗೆ ಗಂಡನೆದುರು ದನಿ ತೆಗೆಯುವ ರೂಢಿಯೇ ತಪ್ಪಿಹೋಗಿತ್ತು.

"ಅತ್ತಿ, ಮಷೀನ ಕೆಟ್ಟಿಲ್ಲ. ನೀವು ದನೀನ ತಗೀವಲ್ರಿ!"

"ಈ ವಯಸ್ಸಿನಾಗ, ಮಕ್ಕಳ ಮುಂದ, ಅವರಿಗೆ ಏನಂತ ಒದರಲಿ? ನಾಚಿಕಿ ಬರತೈತಿ."

ಅದನ್ನು ಕೇಳಿಸಿಕೊಂಡವಳು ನಾನೇ ಮಾವನವರಿಗೆ ಜೋರಾಗಿ ತಿಳಿಸಿದೆ. ಅವರು ತಮಾಷೆ ಮಾಡಲಿಲ್ಲ. "ಊರ ಮಂದಿ ದನಿ ತಗೊಂಡು ನಾ ಏನ ಮಾಡಲಿ, ಯವ್ವಾ? ಈಕಿ ದನಿ ಹೆಂಗೈತಿ ಅಂತ ಒಮ್ಮೆನೂ ಕೇಳಿಲ್ಲ. ಅದಕ್ಕಂತನ ಮಷೀನ ತಂದೇನಿ. ಮದಿವ್ಯಾಗ ಈಕಿ ಒಡಪು ಹೇಳಿದಾಗ ಎಲ್ಲಾರೂ ನಕ್ಕರು. ನಾ ಬರೇ ತುಟಿ ನೋಡಿದೆ" ಎಂದು ಮತ್ತೆ ಗೋಡೆಗೆ ಮುಖ ಮಾಡಿ ಕುಳಿತರು.

ಅತ್ತೆಯವರು ಸೆರಗು ಸರಿಮಾಡಿಕೊಂಡರು. ಮದುವೆಯ ದಿನ ಬಾಗಿಲು ತಡೆದವರೆದುರು ಗಂಡನ ಹೆಸರು ಸೇರಿಸಿ ಹೇಳಿದ್ದ ಆ ಒಡಪನ್ನು ನಡುಗುವ ದನಿಯಲ್ಲಿ ಹೇಳಿಯೇಬಿಟ್ಟರು:

"ಹಸರ ಸೀರಿಗಿ ಕೆಂಪ ದಡಿ, ...ಅವರ ಹೆಸರ ಹೇಳೇನಿ, ಬಾಗಲಾ ಬಿಡಿ!"

ನಡುವಿನ ಹೆಸರು ನಾನು ಬರೆಯಲಾರೆ. ಸೊಸೆ ಮಾವನ ಹೆಸರು ಹೇಳುವುದುಂಟೆ?

"ಕೇಳಲಿಲ್ಲ" ಎಂದರು ಮಾವನವರು, ತಿರುಗದೆ. "ಇನ್ನೊಮ್ಮೆ ಹೇಳು."

ಅತ್ತೆ ಹೇಳಿದರು.

"ಕೇಳಲಿಲ್ಲ. ಇನ್ನೊಮ್ಮೆ."

ಮಷೀನು ಚಾಲೂ ಮಾಡಲು ಮರೆತಿರಬೇಕೆಂದು ನಾನು ಎದ್ದು ಅವರ ಮುಂದೆ ಹೋದೆ. ಮಾವನವರ ಕಣ್ಣಿಂದ ನೀರು ಧಾರಾಕಾರ ಇಳಿಯುತ್ತಿತ್ತು. ನನ್ನನ್ನು ಕಂಡು ಬಾಯಿಯ ಮೇಲೆ ಬೆರಳಿಟ್ಟರು.

ನಾನು ಹಿಂದಕ್ಕೆ ಬಂದು ಕುಳಿತು, "ಅತ್ತಿ, ಇನ್ನೂ ಸ್ವಲ್ಪ ಜೋರ ಹೇಳ್ರಿ" ಎಂದೆ.