ನನ್ನ ಹತ್ತು ಬೆರಳು, ಸಕ್ಕರೆ ಪೆಟ್ಟಿಗೆಯ ಒಂದು ಬೀಗ

ಯಾರಾದರೂ ನನ್ನ ಸುಖದುಃಖ ವಿಚಾರಿಸಿದರೆ ನಾನು ಮೊದಲು ಸೊಂಟ ಮುಟ್ಟಿ ನೋಡಿಕೊಳ್ಳುತ್ತೇನೆ. ಅಲ್ಲಿ ಸೀರೆಯ ಗಂಟಿನಲ್ಲಿ ಒಂದು ಬೀಗದ ಕೈ ಇದೆ. ಅದು ಕೈಗೆ ತಾಗಿದರೆ "ಸೌಖ್ಯ" ಎನ್ನುತ್ತೇನೆ. ತಾಗದಿದ್ದರೆ ವಿಚಾರಿಸಿದವರನ್ನು ಅಲ್ಲಿಯೇ ನಿಲ್ಲಿಸಿ ಹುಡುಕುತ್ತೇನೆ. ಸುಮ್ಮನೆ ಬಂದು ಮುದುಕಿಯ ಸುಖ ವಿಚಾರಿಸುವಷ್ಟು ಬಿಡುವು ಈ ಕಲ್ಲುಗುಂಡಿಯಲ್ಲಿ ಯಾರಿಗೂ ಇಲ್ಲವೆಂದು ನನಗೆ ಗೊತ್ತಿದೆ.

ನಮ್ಮದು ಮಡಿಕೇರಿ ರಸ್ತೆಯ ಬದಿಯಲ್ಲಿ ಒಂದು ಹೋಟೆಲು. ಹೋಟೆಲೆಂದರೆ ನಾಲ್ಕು ಬೆಂಚು, ಎರಡು ಒಲೆ, ಹಿಂದೆ ಮನೆ. ಘಾಟಿ ಹತ್ತುವ ಬಸ್ಸು ಲಾರಿಗಳು ನಿಂತು ನೀರು ಕುಡಿದು ಹೋಗುತ್ತವೆ, ಒಳಗಿದ್ದವರು ಚಹಾ ಕುಡಿಯುತ್ತಾರೆ. ಮನೆಯವರು ತೀರಿಹೋದ ಮೇಲೆ ಮಗ ನಾರಾಯಣ ನಡೆಸುತ್ತಾನೆ. ಅಡಿಗೆ ಸೊಸೆ ಸರಸ್ವತಿಯದು. ಸಕ್ಕರೆ, ಕಾಫಿ ಪುಡಿ, ತುಪ್ಪ ಇರುವ ಮರದ ಪೆಟ್ಟಿಗೆಯ ಬೀಗದ ಕೈ ಮಾತ್ರ ನನ್ನದು. ಬೆಳಿಗ್ಗೆ ಒಮ್ಮೆ, ಮೂರು ಗಂಟೆಗೆ ಒಮ್ಮೆ ನಾನು ಎದ್ದು ಹೋಗಿ ತೆಗೆದುಕೊಟ್ಟರೆ ಹೋಟೆಲು ನಡೆಯುತ್ತದೆ. ಕೊಡದಿದ್ದರೆ ಮಡಿಕೇರಿಯ ದೊಡ್ಡ ಸಾಹುಕಾರ ಬಂದರೂ ಸಪ್ಪೆ ಚಹಾ.

ಇಂಥ ಹೊತ್ತಿನಲ್ಲಿ ಬೆರಳು ಕೆಟ್ಟಿತು. ಮೊದಲು ಬಲಗೈಯ ಹೆಬ್ಬೆರಳ ಬುಡ, ಆಮೇಲೆ ಒಂದೊಂದೇ ಗಂಟು. ನೋಡನೋಡುತ್ತ ಹತ್ತು ಬೆರಳೂ ಶುಂಠಿಯ ಗಡ್ಡೆಯ ಹಾಗಾದವು. ನಾನು ಹಿಟ್ಟನ್ನು ಬೆರಳ ತುದಿಯಿಂದ ಜಾರಿಸಿ ಎಣ್ಣೆಗೆ ಬಿಟ್ಟರೆ ಗೋಳಿಬಜೆ ಅಚ್ಚಿನಲ್ಲಿ ಹಾಕಿದಂತೆ ಉರುಟಾಗಿ ಏಳುತ್ತಿತ್ತು. ಈಗ ಬಿಟ್ಟರೆ ಒಂದಕ್ಕೆ ಬಾಲ, ಒಂದಕ್ಕೆ ಕೊಂಬು. ಒಬ್ಬ ಲಾರಿಯವನು ತಟ್ಟೆ ನೋಡಿ, "ಇದೆಂತ ಮಾರಾಯ್ರೆ, ಬಜೆಯಾ, ಚೇಳಾ?" ಎಂದ. ಅಂದಿನಿಂದ ಒಲೆಯ ಹತ್ತಿರ ಹೋಗುವುದನ್ನು ಬಿಟ್ಟೆ. ಸಂಜೆ ಜಗಲಿಯಲ್ಲಿ ಕುಳಿತು ಹತ್ತಿಯ ಬತ್ತಿ ಹೊಸೆಯುತ್ತಿದ್ದೆ, ಅದೂ ಹೋಯಿತು. ಬತ್ತಿ ಹೋದದ್ದಕ್ಕೆ ದುಃಖವಿಲ್ಲ. ಬತ್ತಿ ಹೊಸೆಯುತ್ತ ಪಕ್ಕದ ಮನೆಯ ಲಿಂಗಕ್ಕನೊಡನೆ ಊರಿನವರ ವಿಷಯ ಮಾತಾಡುತ್ತಿದ್ದೆವಲ್ಲ, ಅದಕ್ಕೆ ದುಃಖ. ಕೈಯಲ್ಲಿ ಕೆಲಸವಿಲ್ಲದೆ ಬರೀ ಬಾಯಿ ಆಡಿಸಿದರೆ ಜನ ಅದನ್ನು ಚಾಡಿ ಎನ್ನುತ್ತಾರೆ.

ಇದೆಲ್ಲ ಹೇಗೋ ನಡೆಯುತ್ತಿತ್ತು. ಒಂದು ದಿನ ಪೆಟ್ಟಿಗೆಯ ಬೀಗದೊಳಗೆ ಕೀ ಹಾಕಿದೆ, ತಿರುಗಲಿಲ್ಲ. ಕೀ ಸರಿಯಿತ್ತು, ಬೀಗವೂ ಸರಿಯಿತ್ತು. ನನ್ನ ಬೆರಳಿಗೆ ಅದನ್ನು ಹಿಂಡುವ ಬಲವಿರಲಿಲ್ಲ. ಕೀಯ ಬಳೆಯೊಳಗೆ ಸೌಟಿನ ಹಿಡಿ ತೂರಿಸಿ ಮೊಣಕೈಯಿಂದ ಒತ್ತಿ ತೆಗೆದೆ. ಯಾರೂ ನೋಡಲಿಲ್ಲ. ಮರುದಿನದಿಂದ ಸಕ್ಕರೆ ಕೊಡುವ ಹೊತ್ತಿಗೆ ಎಲ್ಲರನ್ನೂ ಕೋಣೆಯಿಂದ ಹೊರಗೆ ಹಾಕತೊಡಗಿದೆ. ಸೌಟಿಗೂ ಬಗ್ಗದ ದಿನ, "ಇವತ್ತು ಸಕ್ಕರೆ ಬೇಡ, ಬೆಲ್ಲದಲ್ಲಿ ಮಾಡಿ, ದೇಹಕ್ಕೆ ತಂಪು" ಎಂದು ಕಟ್ಟಪ್ಪಣೆ ಮಾಡಿದೆ.

ನಾನು ಇಷ್ಟು ಹೆದರಿದ್ದಕ್ಕೆ ಕಾರಣವಿತ್ತು, ಹೇಳಿಬಿಡುತ್ತೇನೆ. ಈ ಕೀ ನನಗೆ ಬಂದದ್ದು ನನ್ನ ಅತ್ತೆಯಿಂದ. ಅವರಿಗೆ ಕಣ್ಣು ಮಂಜಾದಾಗ ನಾನು ಬಹಳ ವಿನಯದಿಂದ, "ಅತ್ತೆ, ನಿಮಗೆಂತಕ್ಕೆ ಈ ಉಪದ್ರ? ಜಗಲಿಯಲ್ಲಿ ಕೂತು ಜಪ ಮಾಡಿ, ಮನಸ್ಸಿಗೆ ಖುಷಿ ಆಗ್ತದೆ" ಎಂದಿದ್ದೆ. ಅವರು ಜಪಕ್ಕೆ ಕುಳಿತರು. ಕೀ ನನ್ನ ಸೊಂಟಕ್ಕೆ ಬಂತು. ಆಮೇಲೆ ಒಂದು ಲೋಟ ಕಾಫಿಗೂ ಅವರು ನನ್ನ ಮುಖ ನೋಡಬೇಕಾಯಿತು. ಆದ್ದರಿಂದ ಮನಸ್ಸಿಗೆ ಖುಷಿಯಾಗುವ ಕೆಲಸ ಮಾಡಿ ಎಂದು ಯಾರಾದರೂ ನನಗೆ ಹೇಳಿದರೆ, ಅದರ ಹಿಂದೆ ಏನಿರುತ್ತದೆಂದು ನನಗೆ ಯಾರೂ ಕಲಿಸಬೇಕಾಗಿಲ್ಲ.

ಹಾಗೆ ಹೇಳಿದ ಮೊದಲನೆಯವರು ಪುತ್ತೂರಿನ ಡಾಕ್ಟರು. ಬೇಸಗೆಯಲ್ಲಿ ನಾರಾಯಣ ನನ್ನನ್ನು ಒತ್ತಾಯದಿಂದ ಬಸ್ಸು ಹತ್ತಿಸಿ, ಪುತ್ತೂರಿನಲ್ಲಿರುವ ನನ್ನ ತಂಗಿಯ ಮನೆಯಲ್ಲಿ ಬಿಟ್ಟುಬಂದ. ಹೊರಡುವ ದಿನ ಬೀಗ ಹಾಕಲು ಎಷ್ಟು ತಿಣುಕಿದರೂ ಕೀ ತಿರುಗಲಿಲ್ಲ. ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಬೀಗವನ್ನು ಹಾಗೆಯೇ ಅಮುಕಿ, ಹಾಕಿದಂತೆ ಕಾಣುವ ಹಾಗೆ ಮಾಡಿ ಹೊರಟೆ. ಮೂರು ದಿನ ತಂಗಿಯ ಮನೆಯಲ್ಲಿ ಊಟ ಸೇರಲಿಲ್ಲ. ಮೂರನೆಯ ದಿನ ನಾರಾಯಣ ಪುನಃ ಬಂದು ಡಾಕ್ಟರಲ್ಲಿಗೆ ಕರೆದುಕೊಂಡು ಹೋದ. ಡಾಕ್ಟರು ನನ್ನ ಬೆರಳುಗಳನ್ನು ಬದನೆಕಾಯಿ ನೋಡುವಂತೆ ಒತ್ತಿ ನೋಡಿ, "ಇದು ಸಂದುವಾತ ಅಮ್ಮ. ಪೂರಾ ಗುಣ ಆಗುದಿಲ್ಲ. ಬಿಸಿನೀರಲ್ಲಿ ಕೈ ಇಡಿ. ಗಟ್ಟಿ ಕೆಲಸ ಎಲ್ಲ ಸೊಸೆಗೆ ಬಿಡಿ. ಸುಮ್ಮನೆ ಮಾತ್ರ ಕೂರಬೇಡಿ, ಕೈಗೆ ಭಾರ ಇಲ್ಲದ ಏನಾದರೂ ಹೊಸ ಹವ್ಯಾಸ ಹಿಡ್ಕೊಳ್ಳಿ" ಎಂದರು. ಸೊಸೆಗೆ ಬಿಡಿ ಎಂದಾಗ ನಾನು ನಾರಾಯಣನ ಮುಖ ನೋಡಿದೆ. ಅವನು ಗೋಡೆಯ ಕ್ಯಾಲೆಂಡರು ನೋಡುತ್ತಿದ್ದ. ಇವನು ಮೊದಲೇ ಬಂದು ಹೇಳಿಕೊಟ್ಟಿದ್ದಾನೆ ಎಂದು ನಿಶ್ಚಯ ಮಾಡಿದೆ.

ಊರಿಗೆ ಬಂದವಳೇ ಪೆಟ್ಟಿಗೆಯ ಹತ್ತಿರ ಓಡಿದೆ. ಬೀಗ ನಾನು ಬಿಟ್ಟ ಹಾಗೆಯೇ ನೇತಾಡುತ್ತಿತ್ತು, ಸಕ್ಕರೆಯೂ ಹೆಚ್ಚುಕಡಿಮೆ ಇದ್ದಷ್ಟಿತ್ತು. ಕೀ ಹಾಕಿದೆ. ಏನು ಹೇಳಲಿ, ಬೆಣ್ಣೆಯಲ್ಲಿ ಚಮಚ ಆಡಿಸಿದಂತೆ ತಿರುಗಿತು! ಹೋಗುವಾಗ ಪಂಡಿತರ ತೈಲ ಒಂದು ಕುಪ್ಪಿ ಕೊಂಡುಹೋಗಿದ್ದೆ, ಮೂರು ರಾತ್ರಿ ಹಚ್ಚಿದ್ದೆ. ಅದರ ಮಹಿಮೆ ಎಂದುಕೊಂಡು ಊರಿಗೆಲ್ಲ ಸಾರಿದೆ. ಲಿಂಗಕ್ಕನ ಮೊಣಕಾಲಿಗೂ ಒಂದು ಕುಪ್ಪಿ ತರಿಸಿಕೊಟ್ಟೆ. ತಿಂಗಳಾದರೂ ಅವಳಿಗೆ ಗುಣವಾಗಲಿಲ್ಲ. "ನಿನಗೆ ಭಕ್ತಿ ಸಾಲದು ಮಾರಾಯ್ತಿ" ಎಂದೆ. ಬೇರೆ ಯಾವ ಕೆಲಸಕ್ಕೂ ಬಗ್ಗದ ಬೆರಳು ಬೀಗಕ್ಕೆ ಮಾತ್ರ ಹೇಗೆ ಬಗ್ಗುತ್ತದೆ ಎಂಬ ಸಂಶಯ ನನಗೆ ಬರಲಿಲ್ಲ. ನನ್ನ ಸಂಶಯವೆಲ್ಲ ಬೇರೆಯವರ ಮೇಲೆಯೇ ಖರ್ಚಾಗಿ ಹೋಗುತ್ತಿತ್ತು.

ಅಷ್ಟರಲ್ಲಿ ಹವ್ಯಾಸಗಳು ಒಂದೊಂದಾಗಿ ಬರತೊಡಗಿದವು. ನಾರಾಯಣ ಹೋಟೆಲಿಗೊಂದು ಬ್ಯಾಟರಿ ರೇಡಿಯೋ ತಂದು, "ಅಮ್ಮ, ನೀವು ಕೂತು ಹಾಡು ಕೇಳಿ" ಎಂದ. ಅದರ ಕಿವಿ ಹಿಂಡಲೂ ಬೆರಳು ಬೇಕು. ಮೇಲಾಗಿ ಅದನ್ನು ಇಟ್ಟದ್ದು ಎಲ್ಲಿ? ಸಕ್ಕರೆ ಪೆಟ್ಟಿಗೆ ಕಾಣದ ಮೂಲೆಯಲ್ಲಿ! ನಾನು ಬೇಡವೆಂದೆ. ಲಿಂಗಕ್ಕ ಭಜನೆಗೆ ಕರೆದಳು. ತಾಳ ಹಿಡಿಯಲು ಆಗುವುದಿಲ್ಲ, ಮತ್ತೆ ಭಜನೆಯ ಹೊತ್ತು ಸರಿಯಾಗಿ ಮೂರು ಗಂಟೆ. ಆ ಹೊತ್ತನ್ನು ಯಾರು ಇಟ್ಟದ್ದೆಂದು ಕೇಳಿದೆ. "ದೇವಸ್ಥಾನದವರು" ಎಂದಳು. ಅವರಿಗೆ ಯಾರು ಹೇಳಿದ್ದೆಂದು ಕೇಳಿದೆ. ಅವಳು ಎದ್ದುಹೋದಳು. ಕೊನೆಗೆ ನಾರಾಯಣ ಪೇಪರು ತಂದು ಮುಂದಿಟ್ಟ. "ಎರಡನೆಯ ಕ್ಲಾಸಿನವರೆಗೆ ಹೋಗಿದ್ದೀರಲ್ಲ, ಅಕ್ಷರ ಕೂಡಿಸಿ ಓದಿ. ದಿನ ಹೋಗುದೇ ಗೊತ್ತಾಗುದಿಲ್ಲ."

"ದಿನ ಹೋಗುದು ನನಗೆ ಗೊತ್ತಾಗಬೇಕು ಮಗಾ," ಎಂದೆ, "ಗೊತ್ತಾಗದಿದ್ದರೆ ನಿಮಗೆ ಒಳ್ಳೆದು, ನನಗೆ ಅಲ್ಲ."

ಜಡಿಮಳೆಯ ಆಟಿ ತಿಂಗಳು ಬಂತು. ನಮ್ಮ ಕಡೆ ಚೆನ್ನೆಮಣೆ ಅಟ್ಟದಿಂದ ಇಳಿಯುವುದು ಆ ಒಂದು ತಿಂಗಳು ಮಾತ್ರ. ಮಿಕ್ಕ ದಿನಗಳಲ್ಲಿ ಆಡಬಾರದೆಂದು ಶಾಸ್ತ್ರ. ಸರಸ್ವತಿ ಅದನ್ನು ಒರೆಸಿ ತಂದು ನನ್ನ ಮುಂದೆ ಇಟ್ಟಳು. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕು ಮಂಜೊಟ್ಟಿ ಕಾಯಿ. ಒಂದು ಗುಳಿಯ ಕಾಯಿ ತೆಗೆದು ಮುಂದಿನ ಗುಳಿಗಳಿಗೆ ಒಂದೊಂದೇ ಹಾಕುತ್ತ ಹೋಗಬೇಕು. ಕೈ ಬರಿದಾದರೆ ಮುಂದಿನ ಗುಳಿಯದನ್ನು ಎತ್ತಿ ಮುಂದುವರಿಸಬೇಕು. ಆ ಮುಂದಿನ ಗುಳಿ ಖಾಲಿಯಿದ್ದರೆ ಆ ಪಾಳಿ ಮುಗಿಯಿತು, ಅದರ ಆಚೆಯ ಗುಳಿಯಲ್ಲಿದ್ದದ್ದು ಆಡಿದವರ ಪಾಲು.

"ಕೈಗೆ ಬರುದಿಲ್ಲ ನನಗೆ," ಎಂದೆ. ಒಮ್ಮೆ ಪ್ರಯತ್ನಪಟ್ಟೆ. ಒಂದು ಕಾಯಿ ಹಾಕಲು ಹೋದರೆ ಮೂರು ಉದುರಿತು, ಒಂದು ಒಲೆಯ ಕೆಳಗೆ ಹೋಯಿತು.

"ನೀವು ಯಾವ ಗುಳಿ ಅಂತ ಹೇಳಿ ಅತ್ತೆ, ಸಾಕು. ನಿಮ್ಮದನ್ನೂ ನಾನೇ ಹಾಕ್ತೇನೆ."

"ನನ್ನದೂ ನೀನೇ, ನಿನ್ನದೂ ನೀನೇ? ಒಳ್ಳೆ ಆಟ!"

"ಹಾಗಾದರೆ ಕಣ್ಣಿಟ್ಟು ನೋಡಿ. ಮೋಸ ಮಾಡಿದರೆ ಹಿಡೀರಿ."

ಕೈ ಕೆಟ್ಟ ಮೇಲೆ ನನಗೆ ಯಾರಾದರೂ ಹೇಳಿದ ಮೊದಲ ಒಳ್ಳೆಯ ಮಾತು ಅದು. ಅಂದಿನಿಂದ ಸಂಜೆ ಯಾವಾಗ ಆಗುತ್ತದೆಂದು ಕಾಯತೊಡಗಿದೆ. ಯಾವ ಗುಳಿಯಲ್ಲಿ ಎಷ್ಟಿದೆ, ಅವಳ ಮುಷ್ಟಿಯಲ್ಲಿ ಎಷ್ಟು ಹೋಯಿತು, ಎಷ್ಟು ಬಿತ್ತು, ಎಲ್ಲ ತಲೆಯಲ್ಲಿಯೇ ಲೆಕ್ಕ ಇಟ್ಟೆ. ಬತ್ತಿ ಹೊಸೆಯುವಾಗ ಇಷ್ಟು ಖುಷಿ ಇರಲಿಲ್ಲ. ಬತ್ತಿ ಯಾರಿಗೂ ಮೋಸ ಮಾಡುವುದಿಲ್ಲ. ಗೆದ್ದ ದಿನ ಎರಡು ದೋಸೆ ಹೆಚ್ಚು ತಿಂದೆ. ಗೆಲ್ಲುವ ದಿನಗಳೇ ಹೆಚ್ಚಾಗಿದ್ದವು. ತಲೆ ಇನ್ನೂ ನೆಟ್ಟಗಿದೆ ಎಂದು ಹೆಮ್ಮೆಪಟ್ಟೆ.

ಹತ್ತನೆಯ ದಿನವೋ ಏನೋ, ಸಿಕ್ಕಿಬಿದ್ದಳು. ನನ್ನ ಪಾಳಿ. "ಮೂರನೆಯದು" ಎಂದೆ. ಐದು ಕಾಯಿ ಎತ್ತಿದಳು. ಐದು ಗುಳಿಗೆ ಬೀಳಬೇಕಾದದ್ದು ನಾಲ್ಕೇ ಗುಳಿಗೆ ಮುಗಿಯಿತು. ಮುಂದಿನದು ಖಾಲಿ, ಅದರ ಆಚೆಯ ಗುಳಿಯಲ್ಲಿ ಅವಳದೇ ಒಂಬತ್ತು ಕಾಯಿ. ಕೊನೆಯ ಗುಳಿಗೆ ಕೈ ಅಡ್ಡ ಹಿಡಿದು ಎರಡು ಕಾಯಿ ಒಟ್ಟಿಗೆ ಬಿಟ್ಟಿದ್ದಳು.

"ಅತ್ತೆ, ಒಂಬತ್ತು ನಿಮಗೆ!" ಎಂದಳು ನಗುತ್ತ.

ನನಗೆ ಮೈಯೆಲ್ಲ ಉರಿಯಿತು. ನನ್ನನ್ನು ಸೋಲಿಸಲು ಮೋಸ ಮಾಡಿದ್ದರೆ ಮೆಚ್ಚುತ್ತಿದ್ದೆ. ನನ್ನನ್ನು ಗೆಲ್ಲಿಸಲು ಮಾಡಿದ್ದಳು, ಸಣ್ಣ ಮಕ್ಕಳಿಗೆ ಮಾಡಿದ ಹಾಗೆ!

"ಎಷ್ಟು ಸಮಯದಿಂದ ನಡೀತಾ ಉಂಟು ಈ ಮೋಸ?" ಎಂದು ಗದರಿದೆ.

ಅವಳ ಮುಖ ಬಿಳಿಚಿಕೊಂಡಿತು. "ನೀವು ಪುತ್ತೂರಿಗೆ ಹೋದಾಗಿಂದ, ಅತ್ತೆ," ಎಂದಳು.

ನಾನು ಪುತ್ತೂರಿಗೆ ಹೋದದ್ದು ಬೇಸಗೆಯಲ್ಲಿ. ಚೆನ್ನೆಮಣೆ ಇಳಿದು ಹತ್ತು ದಿನ ಆಗಿತ್ತಷ್ಟೆ. ಸೊಂಟ ಮುಟ್ಟಿ ನೋಡಿಕೊಂಡೆ. ಕೀ ಇತ್ತು.

ಆಮೇಲೆ ಒಂದೊಂದೇ ಹೊರಗೆ ಬಂತು. ಸೌಟಿನ ಹಿಡಿಯ ವಿಷಯ ಅವಳಿಗೆ ಮೊದಲೇ ಗೊತ್ತಿತ್ತು. ದಿನಾ ಸೌಟು ಬಾಗಿಕೊಂಡು ಅಡಿಗೆಮನೆಗೆ ವಾಪಸು ಬಂದರೆ ಯಾರಿಗೆ ಗೊತ್ತಾಗುವುದಿಲ್ಲ? ನಾನು ಪುತ್ತೂರಿನಲ್ಲಿದ್ದಾಗ, ನೇತಾಡುತ್ತಿದ್ದ ಬೀಗವನ್ನು ನಾರಾಯಣ ಸಂಪಾಜೆಯ ಆಚಾರಿಯ ಹತ್ತಿರ ಕೊಂಡುಹೋಗಿ ಅದರ ಒಳಗಿನ ಹಲ್ಲು ಕೀಳಿಸಿ ತಂದು ಪುನಃ ಅಲ್ಲಿಯೇ ತೂಗುಹಾಕಿದ್ದ. ಕೀ ಹಾಕಿದರೂ ಅಷ್ಟೆ, ಹಾಕದಿದ್ದರೂ ಅಷ್ಟೆ. ಎರಡು ತಿಂಗಳು ನಾನು ಎಲ್ಲರನ್ನೂ ಕೋಣೆಯಿಂದ ಹೊರಗೆ ಹಾಕಿ, ಬಾಗಿಲು ಓರೆ ಮಾಡಿ, ಹಲ್ಲಿಲ್ಲದ ಬೀಗವನ್ನು ಹಲ್ಲಿಲ್ಲದ ಮುದುಕಿ ತೆಗೆದು ಹಾಕಿ ಮಾಡುತ್ತಿದ್ದೆ. ಲಿಂಗಕ್ಕನಿಗೆ ತೈಲ ಬೇರೆ!

"ಮತ್ತೆ ಸಕ್ಕರೆ ನೀನೇ ತೆಗೀತಿದ್ದಿಯಾ?"

"ಇಲ್ಲ ಅತ್ತೆ. ನೀವು ಕೊಟ್ಟದ್ದೇ."

"ತೆಗೀಲಿಕ್ಕೆ ಆಗ್ತಿತ್ತು, ಆದರೂ ತೆಗೀಲಿಲ್ಲ?"

"ಇಲ್ಲ."

"ಎಂತಕ್ಕೆ?"

ಅವಳು ಚೆಲ್ಲಿದ ಕಾಯಿ ಹೆಕ್ಕುತ್ತ, "ಕೀ ಹೋದರೆ ನೀವು ಊಟ ಬಿಡ್ತೀರಿ ಅಂತ ಇವರು ಹೇಳಿದ್ರು. ಪುತ್ತೂರಲ್ಲಿ ಮೂರು ದಿನ ಬಿಟ್ಟದ್ದು ಚಿಕ್ಕಮ್ಮ ಹೇಳಿದ್ದಾರಂತೆ" ಎಂದಳು.

ನನಗೆ ನನ್ನ ಅತ್ತೆಯ ನೆನಪಾಯಿತು, ಅದನ್ನು ತಕ್ಷಣ ಬೇರೆ ಕಡೆಗೆ ತಳ್ಳಿದೆ. "ಒಂಬತ್ತು ಕಾಯಿ ವಾಪಸು ಹಾಕು. ಐದನ್ನೂ ಸರಿಯಾಗಿ ಹಂಚು" ಎಂದೆ. ಹಂಚಿದಳು. ಆ ಆಟ ನಾನು ಸೋತೆ. ಹದಿನಾಲ್ಕು ಕಾಯಿಗಳಿಂದ ಸೋತೆ. ಆ ದಿನವೂ ಎರಡು ದೋಸೆ ಹೆಚ್ಚು ತಿಂದೆ.

ಮರುದಿನ ಬೀಗವನ್ನು ಪುನಃ ಸಂಪಾಜೆಗೆ ಕಳಿಸಿ ಹಲ್ಲು ಕಟ್ಟಿಸಿದೆ. ಈಗಿನ ಕ್ರಮ ಚೆನ್ನೆಯದೇ. ಕೀ ನನ್ನ ಸೊಂಟದಲ್ಲಿ. ಹೊತ್ತಾದಾಗ ತೆಗೆದು ಸೊಸೆಗೆ ಕೊಡುತ್ತೇನೆ, "ತಿರುಗಿಸು" ಎನ್ನುತ್ತೇನೆ, ತಿರುಗಿಸುತ್ತಾಳೆ. ಕೀ ವಾಪಸು ಸೊಂಟಕ್ಕೆ. ನಾರಾಯಣ ನೋಡಿ, "ಇದೆಂತ ಅಮ್ಮ, ಖಜಾನೆ ತೆಗೆದ ಹಾಗೆ!" ಎಂದ. "ನೀನು ಬಾಯಿ ಮುಚ್ಚು. ಬೀಗದ ಹಲ್ಲು ಕಿತ್ತವ ನೀನು" ಎಂದೆ.

ಆಟಿ ಮುಗಿದು ಚೆನ್ನೆಮಣೆ ಅಟ್ಟಕ್ಕೆ ಹೋಯಿತು. ಸಂಜೆ ಪುನಃ ಖಾಲಿ. ನಮ್ಮೂರಿನ ವಾಚನಾಲಯದವರು ಚೌತಿಗೆ ಕೈಬರಹದ ಪತ್ರಿಕೆ ಮಾಡುತ್ತಾರಂತೆ, ಪ್ರತಿ ಮನೆಯಿಂದ ಏನಾದರೂ ಬರೆದುಕೊಡಬೇಕಂತೆ. ಸರಸ್ವತಿ, "ನೀವು ಹೇಳಿ ಅತ್ತೆ, ನಾನು ಬರೀತೇನೆ" ಎಂದಳು. ಪೆನ್ಸಿಲು ನನ್ನ ಬೆರಳಲ್ಲಿ ನಿಲ್ಲುವುದಿಲ್ಲ, ಹಾಗಾಗಿ ನಾನು ಹೇಳುತ್ತ ಹೋದೆ, ಅವಳು ಬರೆದಳು. ನೀವು ಇಷ್ಟು ಹೊತ್ತು ಓದಿದ್ದು ಅದೇ.

ಆದರೆ ಮಾತು ನನ್ನದು, ಕೈ ಅವಳದು. ಕೊನೆಯ ಗುಳಿಗೆ ಎರಡು ಕಾಯಿ ಬಿಟ್ಟ ಕೈ. ಆದ್ದರಿಂದ ಅವಳು ಬರೆದದ್ದನ್ನು ಈಗ ಅಕ್ಷರ ಕೂಡಿಸಿ ನಾನೇ ಓದುತ್ತಿದ್ದೇನೆ, ದಿನಕ್ಕೆ ನಾಲ್ಕು ಸಾಲು. ಮೂರು ಕಡೆ ಹಿಡಿದೆ. ಅತ್ತೆಯ ನೆನಪನ್ನು ಬೇರೆ ಕಡೆಗೆ ತಳ್ಳಿದೆ ಎಂದು ನಾನು ಹೇಳಿದರೆ, ಕಣ್ಣು ಒದ್ದೆಯಾಯಿತು ಎಂದು ಬರೆದಿದ್ದಳು. ಹೊಡೆದುಹಾಕಿಸಿದೆ. ಹಲ್ಲಿಲ್ಲದ ಮುದುಕಿ ಎಂದರೆ ವಯಸ್ಸಾದ ಹಿರಿಯರು ಎಂದಿದ್ದಳು. ಅದನ್ನೂ ಹೊಡೆಸಿದೆ. ಸೋತದ್ದು ಹದಿನಾಲ್ಕರಿಂದ ಎಂದರೆ ನಾಲ್ಕರಿಂದ ಎಂದಿದ್ದಳು.

ಇದು ಮುಗಿದ ಮೇಲೆ ಪೇಪರಿನಲ್ಲಿ ಏನೇನು ಸುಳ್ಳು ಇರುತ್ತದೆಂದು ನೋಡಬೇಕು. ನಾರಾಯಣನಿಗೆ ಮಾತ್ರ ಹೇಳುವುದಿಲ್ಲ. ಅವನು ಗೆದ್ದೆ ಅಂದುಕೊಂಡಾನು.