ಆಶ್ರಿತ ಮಗುವಿನ ಅಂದಾಜು ವೆಚ್ಚ

ಬೇರೆ ಬೇರೆ ವಾಸಿಸುವ ತಂದೆ ತಾಯಿಗಳ ಮಕ್ಕಳಿಗೂ ಹಸಿವಾಗುತ್ತದೆ ಎಂಬ ಸಂಗತಿ ಮೇಲಿನವರ ಗಮನಕ್ಕೆ ಬಂದ ಮೇರೆಗೆ, ಕೋಲಾರದಲ್ಲಿ ಪೋಷಣಾ ವೆಚ್ಚ ಅಂದಾಜು ಕಚೇರಿಯನ್ನು ತೆರೆಯಲಾಯಿತು. ಯಾವ ಮಗುವಿಗೆ ಎಷ್ಟು ಹಸಿವಾಗಬೇಕು, ಅದರಲ್ಲಿ ಅಪ್ಪನ ಪಾಲಿನ ಹಸಿವೆಷ್ಟು, ಅಮ್ಮನ ಪಾಲಿನದೆಷ್ಟು ಎಂದು ನಿರ್ಧರಿಸುವುದೇ ಅದರ ಕರ್ತವ್ಯ.

ಕ್ಯಾಲನೂರಿನ ಗಂಗಾಲಕ್ಷ್ಮಿ ಈ ಕಚೇರಿಗೆ ಅರ್ಜಿ ಹಾಕಿದಳು. ಗಂಡ ನಂದೀಶ್ ಅವಳನ್ನು ಬಿಟ್ಟು ಮುಳಬಾಗಿಲಿನಲ್ಲಿ ತಾಯಿಯ ಮನೆ ಸೇರಿಕೊಂಡಿದ್ದ. ಅವಳು ಎರಡು ಸೀಮೆಹಸು ಕಟ್ಟಿಕೊಂಡು, ಡೇರಿಗೆ ಹಾಲು ಹಾಕಿ, ಎಂಟು ವರ್ಷದ ಮಗಳು ಚಂದನಳನ್ನು ಸಾಕುತ್ತಿದ್ದಳು. ಹುಡುಗಿಗೆ ಶಾಲೆಯ ಬೋರ್ಡಿನ ಅಕ್ಷರ ಕಾಣುತ್ತಿರಲಿಲ್ಲ. ಬೇಗ ಕನ್ನಡಕ ಹಾಕಿಸದಿದ್ದರೆ ಕಣ್ಣು ಕೈಕೊಡುತ್ತದೆ ಎಂದು ಡಾಕ್ಟರು ಹೇಳಿದ್ದರು. ಅಪ್ಪ ಅನ್ನಿಸಿಕೊಂಡವನು ಅಷ್ಟಾದರೂ ಕೊಡಿಸಲಿ ಎಂಬುದು ಗಂಗಾಲಕ್ಷ್ಮಿಯ ಆಸೆ.

ಅಂದಾಜು ಅಧಿಕಾರಿ ಮುರಳಿಮೋಹನ್ ಸ್ಥಳ ತನಿಖೆಗೆ ದಯಮಾಡಿಸಿದರು. ಸಾಹೇಬರು ಬರುತ್ತಾರೆಂದು ಅವಳು ಮುದ್ದೆ, ಅವರೆಕಾಳು ಸಾರು ಮಾಡಿದ್ದಳು. ಮಗಳು ಉಂಡಳು, ಸಾಹೇಬರೂ ಉಂಡರು. ಉಂಡು ತೇಗಿ ಹೇಳಿದರು:

"ಮಗು ಹೊಟ್ಟೆತುಂಬ ಉಂಡಿದೆ. ಅಂದ್ರೆ ಕೊರತೆ ಇಲ್ಲ ಅಂತಾಯ್ತಲ್ಲಮ್ಮ."

"ನಾನು ಹೊಟ್ಟೆ ಕಟ್ಟಿ ಇಕ್ತಾ ಇದ್ದೀನಿ ಸ್ವಾಮಿ."

"ಕಟ್ಟಿದ ಹೊಟ್ಟೆನ ಅಂದಾಜಿಗೆ ತಗೊಳ್ಳೋ ನಿಯಮ ಇಲ್ಲ."

ನೆರೆಹೊರೆಯವರ ಬುದ್ಧಿಮಾತು ಕೇಳಿ, ಎರಡನೇ ತನಿಖೆಯ ದಿನ ಅವಳು ಒಲೆಯನ್ನೇ ಹಚ್ಚಲಿಲ್ಲ. ಚಂದನ ನೀರು ಕುಡಿದು ಮೂಲೆಯಲ್ಲಿ ಕೂತಳು. 'ಮಗುವಿನ ಆಹಾರ ಸೇವನೆ ಶೂನ್ಯ. ತತ್ಪರಿಣಾಮ ವೆಚ್ಚವೂ ಶೂನ್ಯ' ಎಂದು ಬರೆದುಕೊಂಡ ಸಾಹೇಬರು, ಅತಿಥಿ ಸತ್ಕಾರದಲ್ಲಿ ಆಗಿರುವ ಕುಸಿತಕ್ಕೆ ವಿಷಾದಿಸುತ್ತಾ ಎದ್ದರು. ಕನ್ನಡಕದ ಮಾತೆತ್ತಿದಾಗ, "ಅದು ಪೋಷಣೆ ಅಲ್ಲಮ್ಮ, ದೃಷ್ಟಿ. ಬೇರೆ ಇಲಾಖೆ" ಎಂದರು.

ಬಳಿಕ ನಂದೀಶನ ಆದಾಯದ ತನಿಖೆ ನಡೆಯಿತು. ಅರ್ಜಿ ಬಿದ್ದ ವಾರದಲ್ಲೇ ಹಿಪ್ಪುನೇರಳೆ ತೋಟ, ಅಂಗಡಿ ಮಳಿಗೆಗಳು, ಬಾಗಿಲಲ್ಲಿ ನಿಂತಿದ್ದ ಕಾರು, ಎಲ್ಲವೂ ಅವನ ತಾಯಿ ಮುತ್ಯಾಲಮ್ಮನ ಹೆಸರಿಗೆ ಹೋಗಿದ್ದವು.

"ನಮ್ಮಬ್ಬಾಯಿಗೆ, ನನ್ ಮಗನಿಗೆ, ಏನೂ ಇಲ್ಲ ಸಾರ್. ಆ ಬೆರಳಲ್ಲಿರೋ ಉಂಗುರಾನೂ ನಂದೇ," ಎಂದಳು ಮುತ್ಯಾಲಮ್ಮ.

"ಪೆಟ್ರೋಲಿಗೂ ಅಮ್ಮನ್ನೇ ಕೇಳ್ಬೇಕು ಸಾರ್," ಎಂದು ನಂದೀಶ್ ತಲೆ ತಗ್ಗಿಸಿದ.

ಸಾಹೇಬರ ಕಣ್ಣು ಒದ್ದೆಯಾಯಿತು. ಹೊರಡುವಾಗ ಮುತ್ಯಾಲಮ್ಮ ಅವರ ಹೆಂಡತಿಗೆಂದು ರೇಷ್ಮೆ ಸೀರೆಯೊಂದನ್ನು ಕೊಟ್ಟಳು. ಅದು ಅಂದಾಜಿಗೆ ಸೇರಲಿಲ್ಲ.

ಆದೇಶ ಹೊರಬಿತ್ತು: 'ಸ್ವಂತ ಆದಾಯವಿಲ್ಲದೆ ತಾಯಿಯ ಆಶ್ರಯದಲ್ಲಿರುವ ವ್ಯಕ್ತಿಯೇ ಮಗು ಎಂಬ ನಿಯಮದಂತೆ ಸದರಿ ನಂದೀಶನನ್ನು ಮಗುವೆಂದು ಪರಿಗಣಿಸಲಾಗಿದೆ. ಮುತ್ಯಾಲಮ್ಮನವರಿಗೆ ವೃದ್ಧಾಪ್ಯದ ವಿನಾಯಿತಿ ಇರುವುದರಿಂದ, ಕುಟುಂಬದಲ್ಲಿ ದುಡಿಯುವ ಏಕೈಕ ವ್ಯಕ್ತಿಯಾದ ಗಂಗಾಲಕ್ಷ್ಮಿಯು ತನ್ನ ಹಾಲಿನ ಬಟವಾಡೆಯಲ್ಲಿ ಅರ್ಧವನ್ನು ಸದರಿ ಮಗುವಿಗೆ ಸಲ್ಲಿಸತಕ್ಕದ್ದು.'

ಗಂಗಾಲಕ್ಷ್ಮಿ ಕಚೇರಿಗೆ ಓಡಿದಳು.

"ಅವನಿಗೆ ನಲವತ್ತು ವರ್ಷ ಸ್ವಾಮಿ! ಮೀಸೆ ನೋಡಿಲ್ವಾ ನೀವು?"

"ಮೀಸೆ ಆದಾಯ ಅಲ್ಲಮ್ಮ."

"ಹಂಗಾದ್ರೆ ನನ್ ಮಗಳ ಗತಿ?"

"ಅವಳಿಗೆ ಹಸಿವಿಲ್ಲ ಅಂತ ದಾಖಲಾಗಿದೆಯಲ್ಲ."

ಕಾಲಲ್ಲಿದ್ದ ಚಪ್ಪಲಿ ಕೈಗೆ ಬರುವುದರಲ್ಲಿತ್ತು. ಆದರೆ ಹಸುಗಳ ಹಾಲು ಕರೆಯುವ ಹೊತ್ತಾಗಿತ್ತು. ಅವಳು ಬಸ್ಸು ಹತ್ತಿದಳು.

ಡೇರಿ ಕಾರ್ಯದರ್ಶಿ ಚನ್ನರಾಯಪ್ಪ, "ಮೇಲಿಂದ ಆರ್ಡರಾಗಿದೆ, ನಾವೇನ್ ಮಾಡಕಾಯ್ತದೆ?" ಎನ್ನುತ್ತಾ ಹಣ ಮುರಿದುಕೊಂಡ. ಊರ ಹಿರಿಯರು ಕಟ್ಟೆ ಮೇಲೆ ಕೂತು, "ಎಷ್ಟೇ ಆಗಲಿ, ಮಕ್ಕಳ ಬಾಯಿಗೆ ಮಣ್ಣು ಹಾಕಬಾರದು ಕಣಮ್ಮ" ಎಂದರು.

ನೆರವು ಪಡೆಯುವ ಮಗುವನ್ನು ತಿಂಗಳಿಗೊಮ್ಮೆ ತೂಗಬೇಕೆಂಬುದು ಇನ್ನೊಂದು ನಿಯಮ. ಹಾಗಾಗಿ ನಂದೀಶ್ ಅಂಗನವಾಡಿಯ ಮುಂದೆ ಕಾರು ನಿಲ್ಲಿಸಿ, ತಾಯಿಯ ಕೈ ಹಿಡಿದು ಸಾಲಿನಲ್ಲಿ ನಿಲ್ಲತೊಡಗಿದ. ಅಂಗನವಾಡಿಯ ಸುನಂದ ಟೀಚರು ಅವನನ್ನು ತೂಗಿ, 'ತೊಂಬತ್ತೆರಡು ಕೆಜಿ, ಬೆಳವಣಿಗೆ ತೃಪ್ತಿಕರ' ಎಂದು ಬರೆದು ಕೈಗೊಂದು ಮೊಟ್ಟೆ ಕೊಟ್ಟರು. ಮೊದಲ ತಿಂಗಳು ಚಿಳ್ಳೆಪಿಳ್ಳೆಗಳು ನಕ್ಕವು. ಆಮೇಲೆ ಅವನಿಗೂ ಜಾಗ ಬಿಟ್ಟು ಕೂರುವುದನ್ನು ಕಲಿತವು.

ಒಂದು ಸಲ ಜ್ವರ ಬಂದು ಅವನ ತೂಕ ಇಳಿಯಿತು. ಮಗುವಿನ ಆರೈಕೆಯಲ್ಲಿ ನಿರ್ಲಕ್ಷ್ಯ ತೋರಿದ್ದೇಕೆಂದು ಗಂಗಾಲಕ್ಷ್ಮಿಗೆ ನೋಟಿಸು ಬಂತು. ಈಗವಳು ಯಾರನ್ನೂ ಏನೂ ಕೇಳುವುದಿಲ್ಲ. ದಿನಾ ಬೆಳಗಿನ ಬಸ್ಸಿನಲ್ಲಿ ಒಂದು ಕ್ಯಾನು ಗಟ್ಟಿ ಹಾಲನ್ನು ಮುಳಬಾಗಿಲಿಗೆ ಕಳಿಸುತ್ತಾಳೆ. ಹಾಲಿಗೆ ಸಕ್ಕರೆ ಹಾಕಿರುವುದಿಲ್ಲವೆಂದು ಮಗು ದೂರು ಕೊಟ್ಟಿದೆ, ದೂರು ಪರಿಶೀಲನೆಯಲ್ಲಿದೆ.